ನೆಲದ ಕೆಳಗಿನ ಗಾಳಿ

ನನ್ನ ಬಾಯಿ ಕೆಟ್ಟದ್ದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಮೇಲೆ ಕನಿಕರ ಪಡುವುದು ಬೇಡ. ಬನಹಟ್ಟಿಯ ಒಂದು ನೇಯ್ಗೆ ಶೆಡ್ಡಿನಲ್ಲಿ ನಾನು ಮೇಂಟೆನೆನ್ಸ್ ನೋಡಿಕೊಳ್ಳುವವನು. ಅದಕ್ಕೂ ಮೊದಲು ಮುಧೋಳದ ಕಡೆ ಸಕ್ಕರೆ ಕಾರ್ಖಾನೆಯೊಂದರಲ್ಲಿ ಫಿಟರ್ ಆಗಿದ್ದೆ. ಅಲ್ಲಿ ಎರಡು ವಿದ್ಯೆ ಕಲಿತೆ, ಪೈಪು ಜೋಡಿಸುವುದು ಮತ್ತು ಬೈಯುವುದು. ಎರಡರಲ್ಲಿ ಬೈಯುವುದೇ ನನಗೆ ಚೆನ್ನಾಗಿ ಬಂದಿತ್ತು.

ನಮ್ಮ ಶೆಡ್ಡಿನ ಮಗ್ಗಗಳಿಗೆ ಲಾಳಿ ಇಲ್ಲ. ಗಾಳಿಯೇ ಹೊಕ್ಕಿನ ಎಳೆಯನ್ನು ಈ ಬದಿಯಿಂದ ಆ ಬದಿಗೆ ಎಸೆಯುತ್ತದೆ. ಆ ಗಾಳಿಯನ್ನು ಒತ್ತಿ ಟ್ಯಾಂಕಿಗೆ ತುಂಬಿ ಕೊಡುವುದು ಹಿಂದಿನ ಕೋಣೆಯ ಕಂಪ್ರೆಸರ್. ಅದು ತಿನ್ನುವಷ್ಟು ಕರೆಂಟನ್ನು ಶೆಡ್ಡಿನಲ್ಲಿ ಬೇರೆ ಯಾವ ಯಂತ್ರವೂ ತಿನ್ನುವುದಿಲ್ಲ. ಟ್ಯಾಂಕಿ ತುಂಬಿದ ಮೇಲೆ ಅದು ಸ್ವಲ್ಪ ಹೊತ್ತು ಸುಮ್ಮನಾಗಬೇಕು, ಒತ್ತಡ ಇಳಿದಾಗ ಮತ್ತೆ ದುಡಿಯಬೇಕು. ಎಲ್ಲೋ ಪೈಪು ಸೋರುತ್ತಿದ್ದರೆ ಅದಕ್ಕೆ ದಣಿವಾರಿಸಿಕೊಳ್ಳಲು ಪುರಸೊತ್ತೇ ಇರುವುದಿಲ್ಲ. ನೀರು ಸೋರಿದರೆ ನೆಲ ಒದ್ದೆಯಾಗುತ್ತದೆ, ಎಣ್ಣೆ ಸೋರಿದರೆ ಕಾಲು ಜಾರುತ್ತದೆ. ಗಾಳಿ ಸೋರಿದರೆ ಏನೂ ಕಾಣುವುದಿಲ್ಲ, ಮಗ್ಗಗಳ ಗದ್ದಲದಲ್ಲಿ ಕೇಳುವುದೂ ಇಲ್ಲ. ಬಿಲ್ಲು ಬಂದಾಗಲೇ ಗೊತ್ತಾಗುವುದು.

ಕಂಪ್ರೆಸರ್ ಕೋಣೆ ನೋಡಿಕೊಳ್ಳುತ್ತಿದ್ದ ಹಿರಿಯರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ಬೀಳಗಿ ಕಡೆಯವರು, ಕುರಿ ಕಾಯುವ ಮನೆತನ, ಬೀರೇಶ್ವರನ ಒಕ್ಕಲು. ಸಣ್ಣ ವಯಸ್ಸಿಗೇ ಬನಹಟ್ಟಿಗೆ ಬಂದು, ಆಯುಷ್ಯದ ಬಹುಪಾಲು ಪವರ್‌ಲೂಮ್ ನಡೆಸಿ, ಆ ಖಟಖಟಕ್ಕೆ ಕಿವಿ ಒಪ್ಪಿಸಿಬಿಟ್ಟಿದ್ದರು. ಹತ್ತಿರ ನಿಂತು ಜೋರಾಗಿ ಹೇಳಿದರೆ ಮಾತ್ರ ಕೇಳುತ್ತಿತ್ತು. ಮೊಣಕಾಲೂ ಹೋಗಿದ್ದರಿಂದ ಮಗ್ಗದ ಮುಂದೆ ನಿಲ್ಲಲು ಆಗುತ್ತಿರಲಿಲ್ಲ. ಕೂತು ಮಾಡುವ ಕೆಲಸವೆಂದು ಅವರಿಗೆ ಉಳಿದಿದ್ದು ಆ ಕೋಣೆಯದೊಂದೇ. ಅದು ಕೈತಪ್ಪಿದರೆ ಆ ವಯಸ್ಸಿನಲ್ಲಿ ಇನ್ನೊಂದು ಶೆಡ್ಡಿನವರು ಕರೆಯುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಶೆಡ್ಡಿನ ಸಾವಕಾರರು ಇನ್ನೊಂದು ಸಾಲು ಮಗ್ಗ ಹಾಕಿಸಿದಾಗ ಗಾಳಿಯ ಹೊಸ ಪೈಪು ಎಳೆದವನು ನಾನು. ನಡುವೆ ನೂಲಿನ ಬೀಮುಗಳನ್ನು ತಳ್ಳಿಕೊಂಡು ಹೋಗುವ ದಾರಿ ಇತ್ತು, ಅದಕ್ಕೆ ಪೈಪನ್ನು ನೆಲದ ಕೆಳಗಿನಿಂದ ದಾಟಿಸಬೇಕಾಯಿತು. ಪೂಜೆಗೆ ಮುಹೂರ್ತ ಇಟ್ಟಾಗಿತ್ತು. ಗೌಂಡಿಗಳು ಸಿಮೆಂಟು ಕಲಸಿಕೊಂಡು ಕೂತಿದ್ದರು. ಮುಚ್ಚುವ ಮೊದಲು ಪೈಪಿಗೆ ಗಾಳಿ ಬಿಟ್ಟು, ಪ್ರತಿ ಜೋಡಣೆಗೂ ಸಾಬೂನು ನೀರು ಹಚ್ಚಿ ಗುಳ್ಳೆ ಏಳುತ್ತದೆಯೋ ಎಂದು ನೋಡಬೇಕು. ಅರ್ಧ ದಿನದ ಕೆಲಸ. ನಾನು ನೋಡಲಿಲ್ಲ. ಒಂದು ಜೋಡಣೆಯಂತೂ ಸರಿಯಾಗಿ ಕೂತಿಲ್ಲ ಎಂದು ಬಿಗಿ ಮಾಡುವಾಗಲೇ ಪಾನಾ ಹಿಡಿದ ಕೈಗೆ ಗೊತ್ತಾಗಿತ್ತು. ಇರಲಿ ಬಿಡು, ಸಿಮೆಂಟೇ ಬಿಗಿ ಹಿಡಿಯುತ್ತದೆ ಅಂದುಕೊಂಡೆ. ಥೂ, ಅದೆಂಥ ಮಾತು! ಫಿಟರ್ ಆದವನು ಅಂದುಕೊಳ್ಳುವ ಮಾತೇ ಅದು?

"ಟೆಸ್ಟ್ ಮಾಡಿದ್ರ್ಯಾ?" ಎಂದು ಸಾವಕಾರರು ಕೇಳಿದರು.

"ಮಾಡೇನ್ರಿ" ಅಂದೆ.

ಹೊಸ ಸಾಲು ಶುರುವಾದ ವಾರದಲ್ಲೇ ಕಾಕಾ ನನ್ನ ಹತ್ತಿರ ಬಂದರು. "ತಮ್ಮಾ, ಮಷೀನು ದಮ್ಮ ತಗೋಳವಲ್ದು ನೋಡು. ಎಲ್ಲೋ ಸೋರಾಕತ್ತೈತಿ" ಅಂದರು. ಮಗ್ಗ ಹೆಚ್ಚಾಗಿವೆ, ದುಡಿಮೆ ಹೆಚ್ಚಾಗಿದೆ ಎಂದು ಸಾಗಹಾಕಿದೆ. ಅವರು ಕೇಳಲಿಲ್ಲ. ಏಣಿ ಹತ್ತಿ, ಅಂಗೈ ಒದ್ದೆ ಮಾಡಿಕೊಂಡು, ಮೇಲಿನ ಪೈಪುಗಳ ಉದ್ದಕ್ಕೂ ಕೈ ಆಡಿಸುತ್ತ ಹೋದರು. ಒದ್ದೆ ಕೈಗೆ ಎಲ್ಲಿ ತಣ್ಣಗೆ ತಾಗುತ್ತದೋ ಅಲ್ಲಿ ಸೋರಿಕೆ. ಆ ಮೊಣಕಾಲು ಇಟ್ಟುಕೊಂಡು ಏಳೆಂಟು ಕಡೆ ಹುಡುಕಿಕೊಟ್ಟರು. ನಾನು ಅವನ್ನು ಬಿಗಿ ಮಾಡಿ, ನಾನೇ ಹುಡುಕಿದೆ ಎಂದು ಸಾವಕಾರರಿಗೆ ಹೇಳಿದೆ. ಮರುದಿನ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಕಾಕಾ, "ಮ್ಯಾಲಿಂದೆಲ್ಲಾ ಆತ್ರಿ ಸರ್ರ. ಇನ್ನ ಉಳದದ್ದು ನೆಲದಾಗ ಐತಿ" ಅಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನಗೆ ಉರಿದುಹೋಯಿತು. "ಕಿವಿನ ಕೇಳೂದಿಲ್ಲ, ನೆಲದಾಗಿನ ಗಾಳಿ ಸಪ್ಪಳ ಕೇಳತೈತೇನ್ರಿ ಕಾಕಾ ನಿಮಗ?" ಎಂದು ಕೂಗಿದೆ. ಎಲ್ಲರೂ ನಕ್ಕರು. ಕಾಕಾ ಅರ್ಧ ಕೇಳಿಸಿಕೊಂಡು, ಏನೋ ತಮಾಷೆ ಇರಬೇಕೆಂದು ತಾವೂ ನಕ್ಕರು. ಆ ನಗು ನೆನಪಾದರೆ ಇವತ್ತಿಗೂ ಊಟ ಸೇರುವುದಿಲ್ಲ.

ಕರೆಂಟಿನ ಬಿಲ್ಲು ಮಾತ್ರ ಏರುತ್ತಲೇ ಹೋಯಿತು. ನಾನು ಗಾಳಿ ಉಳಿಸುವ ದೊಡ್ಡ ಮನುಷ್ಯನಾದೆ. ಗೋಡೆಗೆ 'ಗಾಳಿ ಪುಕ್ಕಟೆ ಅಲ್ಲ' ಎಂದು ಬರೆಸಿದೆ. ನೇಯ್ಗೆ ಶೆಡ್ಡಿನಲ್ಲಿ ಪಾಳಿ ಮುಗಿದ ಮೇಲೆ ಎಲ್ಲರೂ ಗಾಳಿಯ ಪೈಪು ಹಿಡಿದು ಮೈಮೇಲಿನ ಹತ್ತಿಯ ಧೂಳು ಹಾರಿಸಿಕೊಳ್ಳುವುದು ರೂಢಿ. ಅದನ್ನು ಬಂದ್ ಮಾಡಿಸಿದೆ. ಕಸ ಗುಡಿಸುವ ಹೆಣ್ಣುಮಗಳೊಬ್ಬಳು ತಲೆಗೂದಲಿಗೆ ಗಾಳಿ ಹಿಡಿದುಕೊಂಡಿದ್ದಾಗ ಕೈಯಿಂದ ಪೈಪು ಕಿತ್ತುಕೊಂಡು, "ಏನ ಬೇ, ಗಾಳಿ ಏನ ನಿಮ್ಮಪ್ಪನ ಮನೀದೇನು?" ಎಂದು ಬೈದೆ.

"ಹಿಂಗ ಬೆಳ್ಳಗ ಮನಿಗಿ ಹ್ವಾದ್ರ ನನ್ನ ಕೂಸ ನನ್ನ ಗುರ್ತ ಹಿಡೀವಲ್ದರಿ ಸರ್ರ" ಅಂದಳು. ಆಮೇಲೆ ಸೆರಗಿನಿಂದಲೇ ತಲೆ ಕೊಡವಿಕೊಂಡು, ನನ್ನನ್ನು ಸಮಾಧಾನ ಮಾಡುವಂತೆ ಇನ್ನೊಂದು ಮಾತು ಹೇಳಿದಳು. "ಆ ಬೀಮಿನ ದಾರಿ ಮೂಲ್ಯಾಗ ಮಾತ್ರ ಕಸಾನ ಬೀಳೂದಿಲ್ರಿ. ಅದೊಂದ ಕಡೆ ನನಗ ಆರಾಮ." ನೆಲದ ಸಿಮೆಂಟಿನ ಸಂದಿಯಿಂದ ಮೇಲೆದ್ದ ಗಾಳಿ ಅಲ್ಲಿ ಹತ್ತಿಯ ಎಳೆಯನ್ನು ಕೂಡಗೊಡುತ್ತಿರಲಿಲ್ಲ. ನನ್ನ ಆ ಜೋಡಣೆ ಇದ್ದದ್ದೂ ಅಲ್ಲೇ. ಆದರೂ ಬಾಯಿ ಮುಚ್ಚಿಕೊಂಡು ಹೋಗು ಎಂದು ಅವಳನ್ನೇ ಗದರಿಸಿದೆ.

ಒಂದು ದಿನ ಸಾವಕಾರರು ನನ್ನನ್ನೂ ಕಾಕಾನನ್ನೂ ಆಫೀಸಿಗೆ ಕರೆಸಿದರು. "ಮಗ್ಗ ಹೆಚ್ಚಾಗ್ಯಾವು, ಖರೆ. ಆದ್ರ ಬಿಲ್ಲ ಇಷ್ಟ್ಯಾಕ ಬರ್ತೈತಿ? ಇಬ್ಬರಾಗ ಯಾರರ ಒಬ್ಬರು ಹೇಳ್ರಿ" ಅಂದರು.

ಕಾಕಾ ಮುಂದೆ ಬಂದು ಹೇಳಿದರು: "ಸಾವ್ಕಾರ್ರ, ಬರೂ ಅಮಾಸಿ ದಿನಾ ಮಗ್ಗ ಎಲ್ಲಾ ಬಂದ್ ಇರ್ತಾವು. ಅವತ್ತ ಬರೇ ಗಾಳಿ ಚಾಲೂ ಮಾಡಿ ನೋಡೂನು. ಸೋರಿಕಿ ಇಲ್ಲಂದ್ರ ಟ್ಯಾಂಕಿ ತುಂಬಿ ಮಷೀನ್ ಸುಮ್ಕ ಆಗ್ತೈತಿ. ಆಗಲಿಲ್ಲಂದ್ರ ಗಾಳಿ ಎಲ್ಲೋ ಹೊಂಟೈತಿ ಅಂತ ಲೆಕ್ಕ. ಕಿವಿ ಇದ್ದವರು ಅಡ್ಡಾಡಿ ಕೇಳಲಿ."

ಅಷ್ಟು ಸರಳವಾದ ಮಾತು. ಮೂರು ಪಾಳಿಯಲ್ಲಿ ನಡೆಯುವ ಶೆಡ್ಡು ಪೂರಾ ನಿಲ್ಲುವುದು ಅಮಾವಾಸ್ಯೆಯ ದಿನ ಮಾತ್ರ. ಅವತ್ತು ಮಗ್ಗ ಒರೆಸಿ, ಕಂಪ್ರೆಸರಿಗೂ ವಿಭೂತಿ ಕುಂಕುಮ ಹಚ್ಚಿ, ಕಾಯಿ ಒಡೆದು, ಎಲ್ಲ ಬಂದ್ ಮಾಡಿ ಮನೆಗೆ ಹೋಗುತ್ತೇವೆ. ಹಾಗಾಗಿ ಮಗ್ಗ ನಿಂತು ಗಾಳಿ ಮಾತ್ರ ಇರುವ ಹೊತ್ತು ನಮ್ಮ ಶೆಡ್ಡಿನಲ್ಲಿ ಯಾರೂ ಕಂಡೇ ಇರಲಿಲ್ಲ. ಕಾಕಾ ಹೇಳಿದಂತೆ ನೋಡಿದರೆ ನೆಲದ ಕೆಳಗಿನ ನನ್ನ ಸುಳ್ಳು ಒಂದೇ ಗಂಟೆಯಲ್ಲಿ ಹೊರಬೀಳುತ್ತಿತ್ತು.

ನಾನು ದೇವರ ಕಡೆ ಹೊರಳಿದೆ. ನನಗೆ ದೇವರು ದಿಂಡರು ಅಷ್ಟಕ್ಕಷ್ಟೇ, ಕಾಯಿ ಒಡೆದಾಗ ಚೂರು ತಿನ್ನಲು ಮುಂದೆ ಬರುವವನು. ಆದರೂ ಎರಡೂ ಕೈ ಕಿವಿಗೆ ಮುಟ್ಟಿಸಿಕೊಂಡು, "ಅಮಾಸಿ ದಿನಾ ಪೂಜಿ ಮಾಡಿದ ಮಷೀನ್ ಚಾಲೂ ಮಾಡೂದಾ? ಹೆಚ್ಚು ಕಮ್ಮಿ ಆದ್ರ ಯಾರ ಜವಾಬ್ದಾರಿ? ನಾನಂತೂ ಕೈ ಹಚ್ಚಂಗಿಲ್ರಿ ಸಾವ್ಕಾರ್ರ" ಅಂದೆ. ಸಾವಕಾರರು ಭಕ್ತಿವಂತರು. ಗೋಡೆಯ ಮೇಲಿನ ಫೋಟೋಕ್ಕೆ ಕೈಮುಗಿದು, "ಬ್ಯಾಡ ಬಿಡ್ರಿ ಕಾಕಾ, ಅಪಶಕುನ" ಅಂದರು. ಅಮಾವಾಸ್ಯೆಯ ದಿನ ದೇವರಿಗೆ ಕುರಿಯ ಹಾಲು ಏರಿಸದೆ ತಾವು ಬಾಯಿಗೆ ಹನಿ ನೀರು ಹಾಕದ ಕಾಕಾ ನನ್ನ ಭಕ್ತಿಯನ್ನು ನಂಬಿಬಿಟ್ಟರು. "ಅದೂ ಖರೇನ" ಎಂದು ತಲೆ ತಗ್ಗಿಸಿದರು.

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಕಾಕಾ ಮತ್ತೆ ಬಾಯಿ ಬಿಡುವ ಮೊದಲು ಅವರ ಮೇಲೆಯೇ ಏನಾದರೂ ಹೊರಿಸಬೇಕು ಅನಿಸಿತು.

ಗಾಳಿಯ ಟ್ಯಾಂಕಿಯ ತಳದಲ್ಲಿ ನೀರು ಕೂಡುತ್ತದೆ. ಅದನ್ನು ಬಿಡದಿದ್ದರೆ ಗಾಳಿಯೊಂದಿಗೆ ಮಗ್ಗಕ್ಕೆ ಹೋಗಿ ಬಟ್ಟೆಗೆ ಕಲೆ ಬೀಳುತ್ತದೆ. ತಾನಾಗಿಯೇ ನೀರು ಬಿಡುವ ವಾಲ್ವು ಕೆಟ್ಟಿತ್ತು. ಹೊಸದು ತರಿಸಿರಿ ಎಂದು ಕಾಕಾ ನನಗೆ ಎರಡು ಸಲ ಹೇಳಿದ್ದರು, ನಾನು ಹೂಂ ಅಂದು ಮರೆತಿದ್ದೆ. ಅದಕ್ಕೆ ಅವರು ಕೈವಾಲ್ವನ್ನು ಕೂದಲೆಳೆಯಷ್ಟು ತೆರೆದಿಟ್ಟುಕೊಂಡು ಬಟ್ಟೆ ಕಾಪಾಡುತ್ತಿದ್ದರು. ಪಾಳಿ ಬದಲಾಗುವ ಹೊತ್ತಿಗೆ ನಾನು ಸಾವಕಾರರನ್ನೂ ಇಪ್ಪತ್ತು ಮಂದಿ ಆಳುಗಳನ್ನೂ ಆ ಕೋಣೆಗೆ ಕರೆದೆ. ಕಾಕಾನ ಮುಂಗೈ ಹಿಡಿದೆಳೆದು ಅಂಗೈಯನ್ನು ವಾಲ್ವಿನ ಬಾಯಿಗೆ ಒತ್ತಿದೆ.

"ಹತ್ತತೈತಿಲ್ರಿ ಗಾಳಿ? ನೋಡ್ರಿ ಸಾವ್ಕಾರ್ರ, ಬಿಲ್ಲ ಯಾಕ ಏರತೈತಿ ಅಂತ ಕೇಳಿದ್ರೆಲ್ಲಾ, ಇದಕ್ಕ!"

ಕಾಕಾ ಗಾಬರಿಯಾದರು. "ಅದು ನೀರಿಗಿ ಬಿಟ್ಟದ್ದರಿ. ವಾಲ್ವ್ ಕೆಟ್ಟೈತಿ ಅಂತ ನಿಮಗ ಹೇಳಿದ್ನೆಲ್ರಿ ಸರ್ರ?"

"ಯಾವಾಗ ಹೇಳಿದ್ರಿ? ನನಗಂತೂ ಹೇಳಿಲ್ಲ."

ಅವರು ನನ್ನ ಮುಖ ನೋಡಿದರು. ಸಿಟ್ಟಿನಿಂದಲ್ಲ. ಹೇಳಿದ್ದೆನೋ, ಹೇಳಬೇಕೆಂದು ಬರೀ ಅಂದುಕೊಂಡಿದ್ದೆನೋ ಎಂದು ನೆನಪಿಸಿಕೊಳ್ಳುವ ಮುದುಕರ ಮುಖ ಅದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ಕೇಳಿದ್ದೆ, ಅವತ್ತು ನಾನೇ ಎಳೆದೆ. "ವಯಸ್ಸಾತು ಕಾಕಾ, ಇನ್ನ ಮನ್ಯಾಗ ಆರಾಮ ಇರ್ರಿ" ಎಂದು ಸಾವಕಾರರು ಮೆತ್ತಗೆ ಹೇಳಿದರು. ಕಾಕಾ ಕೋಣೆಯ ಬೀಗದಕೈ ಸ್ಟೂಲಿನ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟರು. ಕಂಪ್ರೆಸರಿಗೆ ಒಂದು ಸಲ ಕೈಮುಗಿದರು.

ಮುಂದಿನ ಬಿಲ್ಲು ಇಳಿಯಲಿಲ್ಲ. ಕೂದಲೆಳೆ ಗಾಳಿ ನಿಲ್ಲಿಸಿದರೆ ಎಷ್ಟು ಇಳಿದೀತು? ಈಗ ಬೈಯಲು ಆ ಕೋಣೆಯಲ್ಲಿ ಯಾರೂ ಇರಲಿಲ್ಲ, ಉಳಿದವನು ನಾನೊಬ್ಬನೇ. ಭಯ ಹತ್ತಿತು. ಬಂದ ಅಮಾವಾಸ್ಯೆಯ ದಿನ ಪೂಜೆ ಮುಗಿದು ಎಲ್ಲರೂ ಹೋದ ಮೇಲೆ, ಸ್ವಲ್ಪ ಗ್ರೀಸ್ ಹಚ್ಚುವ ಕೆಲಸ ಇದೆ ಎಂದು ಹೇಳಿ ಒಳಗೆ ಉಳಿದೆ. ಕುಂಕುಮ ಹಚ್ಚಿದ ಕಂಪ್ರೆಸರನ್ನು ಚಾಲೂ ಮಾಡಿದೆ. ಯಾವ ದೇವರೂ ಅಡ್ಡ ಬರಲಿಲ್ಲ. ಟ್ಯಾಂಕಿ ತುಂಬಿತು. ಅದು ಸುಮ್ಮನಾಯಿತು, ಮರುಗಳಿಗೆಗೆ ಮತ್ತೆ ಎದ್ದಿತು. ಮತ್ತೆ ಸುಮ್ಮನಾಯಿತು, ಮತ್ತೆ ಎದ್ದಿತು. ಒಂದು ಮಗ್ಗವೂ ನಡೆಯದ ಶೆಡ್ಡಿನಲ್ಲಿ ಒತ್ತಡದ ಮೀಟರಿನ ಮುಳ್ಳು ಏರಿದಷ್ಟೇ ಬೇಗ ಇಳಿಯುತ್ತಿತ್ತು. ಬೀಮಿನ ದಾರಿಯ ಮೂಲೆಗೆ ಹೋಗಿ ನಿಂತೆ. ಸಿಮೆಂಟಿನ ಸಂದಿಯಿಂದ ಸುಂಯ್ ಅನ್ನುತ್ತಿತ್ತು. ಎಷ್ಟು ಜೋರಾಗಿತ್ತೆಂದರೆ ಕಾಕಾನಿಗೂ ಕೇಳುತ್ತಿತ್ತೇನೋ.

ಹಾರೆಯಿಂದ ನಾನೇ ನೆಲ ಒಡೆದೆ. ಅರ್ಧ ಸುತ್ತೂ ಬಿಗಿಯಾಗದ ಜೋಡಣೆ, ಅದೇ, ನನ್ನ ಕೈಗೆ ಗೊತ್ತಿದ್ದದ್ದು. ಹೊಸದು ಹಾಕಿ, ಸಾಬೂನು ನೀರು ಹಚ್ಚಿ, ಒಂದು ಗುಳ್ಳೆಯೂ ಏಳದಿದ್ದದ್ದನ್ನು ನೋಡಿ, ಸಿಮೆಂಟು ಮೆತ್ತಿದೆ. ಕಂಪ್ರೆಸರ್ ಸುಮ್ಮನಾಗಿ ಸುಮ್ಮನೇ ಉಳಿಯಿತು. ಶೆಡ್ಡಿನ ಹೊರಗೆ ಯಾರೋ ತರಕಾರಿ ಕೂಗುವುದು ಕೇಳಿತು. ನಾನು ಕೂತುಕೊಂಡು ಅತ್ತೆ. ಯಾಕೆ ಅಳುತ್ತೀಯೋ ಬೋಳಿಮಗನೇ, ಎಂದು ನನಗೆ ನಾನೇ ಬೈದುಕೊಂಡೆ. ಮರುದಿನ ಆ ಹೊಸ ತೇಪೆ ಏನೆಂದು ಕೇಳಿದವರಿಗೆ ನೆಲದಲ್ಲಿ ಕೇಬಲ್ ಹಾಕಿದೆ ಎಂದೆ.

ಆ ತಿಂಗಳ ಬಿಲ್ಲು ಚೆನ್ನಾಗಿ ಇಳಿಯಿತು. ಸಾವಕಾರರು ಎಲ್ಲರ ಮುಂದೆ ನನ್ನ ಬೆನ್ನು ತಟ್ಟಿದರು. "ನೋಡ್ರಿ, ಒಬ್ಬರ ಅಲಕ್ಷ್ಯದಿಂದ ಎಷ್ಟ ಹಾಳಾಗಾಕತ್ತಿತ್ತು. ಅವರು ಹ್ವಾದ್ರು, ಬಿಲ್ಲ ಇಳೀತು" ಅಂದರು. ಆ ಮಾತು ಚಹಾದಂಗಡಿಯಿಂದ ಚಹಾದಂಗಡಿಗೆ ಹೋಗಿ ರಬಕವಿಯ ಶೆಡ್ಡುಗಳವರೆಗೂ ಮುಟ್ಟಿತು. ನಾನು ಮುಚ್ಚಿಮರೆಯಲ್ಲಿ ಮಾಡಿದ ರಿಪೇರಿಯೇ ಕಾಕಾನ ಮೇಲೆ ಸಾಕ್ಷಿಯಾಗಿತ್ತು. ಸೋರಿಕೆ ಹಾಗೇ ಬಿಟ್ಟಿದ್ದರೆ ಅವರು ನಿರಪರಾಧಿ ಎಂದು ಯಾರಿಗಾದರೂ ಹೊಳೆಯುತ್ತಿತ್ತು.

ಕಬ್ಬಿನ ಹಂಗಾಮಿನಲ್ಲಿ ಒಂದು ಭಾನುವಾರ ಹಿಪ್ಪರಗಿ ಕಡೆ ಹೊರಟಿದ್ದೆ. ಬೈಕಿನ ಹಿಂದಿನ ಗಾಲಿ ಇಳಿಯಿತು. ತಳ್ಳಿಕೊಂಡು ರಸ್ತೆ ಬದಿಯ ಪಂಕ್ಚರ್ ಅಂಗಡಿಗೆ ಹೋದೆ. ಕಬ್ಬು ಹೇರಿದ ಟ್ರ್ಯಾಕ್ಟರಿನ ಗಾಲಿಗೆ ಗಾಳಿ ತುಂಬುತ್ತ, ಮೊಣಕಾಲಿಗೆ ಗೋಣಿಚೀಲ ಹಾಸಿಕೊಂಡು ಕೂತವರು ಕಾಕಾ. ನೋಡಿದ ಕೂಡಲೇ ಎದ್ದು ನಿಲ್ಲಲು ಹೋದರು. ನಾನು ಭೂಮಿಗಿಳಿದುಹೋದೆ.

"ಬಿಲ್ಲ ಇಳೀತಂತ ಕೇಳಿದ್ನಿ" ಅಂದರು. "ಛಲೋ ಆತು. ನಾನ ಬಂದ ನಿಮ್ಮ ಮುಂದ ತಪ್ಪಾತು ಅನಬೇಕಂತಿದ್ನಿ ಸರ್ರ, ಮಾರಿ ತೋರ್ಸಾಕ ಆಗಲಿಲ್ಲ. ನಾ ಎಲ್ಲಿ ತಪ್ಪಿದ್ನೋ ಇನ್ನೂ ತಿಳಿವಲ್ದು. ವಾಲ್ವ್ ಅಷ್ಟ ತೆಗೆದಿದ್ನ್ಯಾ? ನಿಮಗ ಹೇಳಿದ್ನೋ ಇಲ್ಲೋ? ಐದ ತಿಂಗಳಾತು, ನನ್ನ ಕೈ ಮ್ಯಾಲ ನನಗ ನಂಬಿಕಿ ಇಲ್ಲದಂಗ ಆಗೈತಿ. ಈ ಗಾಲಿಗಿ ಗಾಳಿ ತುಂಬಿದ್ರೂ ಮೂರ ಸಲ ನೋಡ್ತೇನಿ."

ನಾನು ಅಲ್ಲೇ, ಮಣ್ಣಿನಲ್ಲಿ, ಅವರ ಎದುರಿಗೆ ಕುಕ್ಕರಗಾಲಲ್ಲಿ ಕೂತೆ. ಅವರ ಕಿವಿಯ ಹತ್ತಿರ ಬಾಯಿಟ್ಟು ಎಲ್ಲವನ್ನೂ ಹೇಳಿದೆ. ಜೋರಾಗಿ ಹೇಳಬೇಕಾಯಿತು, ಇಲ್ಲದಿದ್ದರೆ ಕೇಳುವುದಿಲ್ಲ. ಸಾಬೂನು ನೀರು ಹಚ್ಚದಿದ್ದದ್ದು, ದೇವರ ಹೆಸರಿನಲ್ಲಿ ತಪ್ಪಿಸಿಕೊಂಡದ್ದು, ವಾಲ್ವಿನ ಸುಳ್ಳು, ಒಡೆದ ನೆಲ. ಟ್ರ್ಯಾಕ್ಟರಿನ ಡ್ರೈವರ್ ಬೀಡಿ ಸೇದುವುದು ಬಿಟ್ಟು ನನ್ನನ್ನೇ ನೋಡುತ್ತಿದ್ದ. ಕಾಕಾ ನನ್ನ ಬೈಕಿನ ಗಾಲಿ ಬಿಚ್ಚಿದರು, ಟ್ಯೂಬು ನೀರಿನಲ್ಲಿ ಅದ್ದಿದರು, ತೂತು ಹುಡುಕಿದರು. ಗಾಲಿ ತಿರುಗಿ ಹಾಕಿದ ಮೇಲೆ ಅಂದರು:

"ಇದನ್ನ ನನಗ ಹೇಳಿ ಏನ ಮಾಡ್ತಿ? ಎಲ್ಲಾರ ಮುಂದ ನನ್ನ ಕೈ ಹಿಡದ ತೋರ್ಸಿದ್ದಿ. ಅಲ್ಲೇ ಹೋಗಿ ಹೇಳು."

ಪಂಕ್ಚರಿನ ರೊಕ್ಕ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಬಂದ ಅಮಾವಾಸ್ಯೆಗೆ ಕಾಯಿ ಒಡೆಯುವ ಮೊದಲು, ಇಪ್ಪತ್ತು ಮಂದಿಯ ಮುಂದೆ, ಸಾವಕಾರರ ಎದುರಿಗೆ ನಿಂತು ಹೇಳಿದೆ. ಹೊಸ ಸಿಮೆಂಟಿನ ತೇಪೆಯನ್ನು ತೋರಿಸಿ, "ಕೇಬಲ್ ಅಲ್ಲ, ನನ್ನ ತಪ್ಪು ಐತಿ ಇದರ ಕೆಳಗ" ಅಂದೆ. ಸಾವಕಾರರ ಮುಖ ಕೆಂಪಾಯಿತು. ಮೊದಲು ಕಾಕಾನಿಗೆ ಫೋನು ಹಚ್ಚಿದರು, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಇಟ್ಟರು. ಕೂಗಿ ಕೂಗಿ ವಿಷಯ ಹೇಳಿದರು.

"ಎಲ್ಲಾರೂ ಅದಾರನ್ರಿ ಅಲ್ಲಿ?" ಎಂದು ಕಾಕಾ ಕೇಳಿದರು.

"ಎಲ್ಲಾರೂ ಅದಾರ ಕಾಕಾ. ನಾಳಿಂದ ಕೆಲಸಕ್ಕ ಬರ್ರಿ."

"ಹೇಳಿದ್ರೆಲ್ರಿ, ಅಷ್ಟ ಸಾಕು. ಕೆಲಸಕ್ಕ ಬರೂದಿಲ್ರಿ ಸಾವ್ಕಾರ್ರ. ಇಲ್ಲಿ ಗಾಲಿ ಇಳದ್ರ ಎಲ್ಲಾರ ಕಣ್ಣಿಗೂ ಕಾಣತೈತಿ. ನನಗ ಇದ ಛಲೋ." ಫೋನು ಕಟ್ಟಾಯಿತು.

ಪೂಜೆ ಹೇಗೋ ಮುಗಿಯಿತು. ಕಾಯಿಯ ಚೂರು ಹಂಚುತ್ತ ಬಂದ ಕಸ ಗುಡಿಸುವ ಹೆಣ್ಣುಮಗಳು ನನ್ನ ಮುಂದೆ ನಿಂತಳು. ಆಚೀಚೆ ನೋಡಿ, ಸಣ್ಣ ದನಿಯಲ್ಲಿ, "ನಮಗ ಗೊತ್ತಿತ್ರಿ ಸರ್ರ" ಅಂದಳು. "ಸಿಮೆಂಟ್ ಹಚ್ಚಿದ ಮರುದಿನಾನ ಗೊತ್ತಾತು. ಗಾಳಿ ನಿಂತು ಆ ಮೂಲ್ಯಾಗ ಕಸ ಬೀಳಾಕತ್ತಿತು. ಎಲ್ಲಾರೂ ಮಾತಾಡಿಕೊಂಡ್ವಿ."

ನನಗೆ ತಲೆ ಕೆಟ್ಟಿತು. "ಮತ್ತ ಆವಾಗ ಯಾಕ ಬಾಯಿ ಬಿಡಲಿಲ್ಲ ಬೇ? ಬಾಯಾಗ ಏನ ಇಟಗೊಂಡಿದ್ರಿ ಎಲ್ಲಾರೂ? ಆವಾಗ ಒಬ್ಬರರ ಹೇಳಿದ್ರ ಕಾಕಾ ತಿರುಗಿ ಬರ್ತಿದ್ದಿಲ್ಲೇನು?" ಎಂದು ಕೂಗಿದೆ. ಶೆಡ್ಡಿನಲ್ಲಿ ಇದ್ದವರೆಲ್ಲ ತಿರುಗಿ ನೋಡಿದರು. ಅವಳು ಎರಡು ಹೆಜ್ಜೆ ಹಿಂದೆ ಸರಿದಳು, ಕಾಯಿಯ ತಟ್ಟೆಯನ್ನು ಎದೆಗೆ ಅಡ್ಡ ಹಿಡಿದುಕೊಂಡಳು.

"ಇದಕ್ಕ ನೋಡ್ರಿ ಸರ್ರ" ಅಂದಳು. "ಇದಕ್ಕ ಹೇಳಲಿಲ್ಲ."